ವಿಭೂತಿ ಬಳಿದ ಪೆಟ್ರೋಲ್ ಟ್ಯಾಂಕು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸೊಸೆಯಾಗಿ ಗುಬ್ಬಿಗೆ ಹೋದಾಗ, ತೀರಿಹೋದ ಮಾವನವರ ಮೋಟಾರ್ ಸೈಕಲ್ಲು ರಾಗಿ ಮೂಟೆಗಳ ಕೋಣೆಯಲ್ಲಿ ವರ್ಷಗಳಿಂದ ನಿಂತಿತ್ತು. ಓಡದಿದ್ದರೂ ಅದಕ್ಕೆ ಆಯುಧ ಪೂಜೆ ತಪ್ಪಿರಲಿಲ್ಲ. ಅತ್ತೆ ಪ್ರತಿ ವರ್ಷ ವಿಭೂತಿಯನ್ನು ನೀರಲ್ಲಿ ಕಲಸಿ ಟ್ಯಾಂಕಿನ ಮುಚ್ಚಳದ ಮೇಲೆ ದಪ್ಪಗೆ ಮೂರು ಪಟ್ಟೆ ಎಳೆಯುತ್ತಿದ್ದರು.

ಭಾವನಿಗೆ ಜಾಗ ಬೇಕಿತ್ತು. ಗುಜರಿಗೆ ಹಾಕಲು ಹೊರಟರು. ಅಪ್ಪನ ಮುಂದೆ ಅದೇ ಟ್ಯಾಂಕಿನ ಮೇಲೆ ಕೂತು ಬೆಳೆದಿದ್ದ ನನ್ನವರ ಮುಖ ಸಣ್ಣದಾಯಿತು. ಅದನ್ನು ನೋಡಲಾಗದೆ ಭಾವನೇ ಒಂದು ದಾರಿ ಬಿಟ್ಟರು.

"ಕುಣಿಗಲ್‌ಗೆ ಹೋಗಿ ಸಂಜೆಗೆ ವಾಪಸ್ ಬಾ. ಓಡಿಸ್ಕೊಂಡ್ ಬಂದ್ರೆ ಇಟ್ಕೊ. ತಳ್ಕೊಂಡ್ ಬಂದ್ರೆ ನಾಳೆನೇ ಗುಜರಿ."

ಕುಣಿಗಲ್ ನನ್ನ ತವರು. ಖುಷಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಗಂಡನ ಜೊತೆ ನಾನೂ ಸೀಮೆಎಣ್ಣೆ ಬಟ್ಟೆ ಹಿಡಿದು ಕೂತೆ. ವಾರ್ನಿಷ್ ನಾತ ಹೊಡೆಯುತ್ತಿದ್ದ ಹಳೇ ಪೆಟ್ರೋಲು ಚೆಲ್ಲಿದೆವು, ಪ್ಲಗ್ ಉಜ್ಜಿದೆವು, ಕಾರ್ಬುರೇಟರ್ ಬಿಚ್ಚಿ ಊದಿದೆವು.

"ಮುಚ್ಚಳದ ವಿಭೂತಿ ಮಾತ್ರ ಒರೆಸ್ಬೇಡಿ," ಎಂದರು ಅತ್ತೆ. ಒರೆಸಲಿಲ್ಲ.

ಕಿಕ್ ಹೊಡೆದೂ ಹೊಡೆದೂ ಕಾಲು ಸೋತ ಮೇಲೆ ಸೈಲೆನ್ಸರ್ ಕೆಮ್ಮಿ, ಒಳಗಿದ್ದ ಇಲಿಗೂಡಿನ ಹೊಟ್ಟನ್ನೆಲ್ಲ ಭಾವನ ಬಿಳಿ ಪಂಚೆಗೆ ಉಗಿಯಿತು. ನಾನು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ.

ದಾರಿಯುದ್ದಕ್ಕೂ ಒಂದೇ ಕಥೆ. ಸ್ವಲ್ಪ ದೂರ ಚೆನ್ನಾಗಿ ಓಡುವುದು, ಆಮೇಲೆ ಗೊರಗೊರ ಎಂದು ನಿಲ್ಲುವುದು. ನನ್ನವರು ಮುಚ್ಚಳ ತೆಗೆದು ಪೆಟ್ರೋಲ್ ಇದೆಯಾ ಎಂದು ಇಣುಕುವರು. ಇರುತ್ತಿತ್ತು. ಮುಚ್ಚಿ ಕಿಕ್ ಹೊಡೆದರೆ ಮತ್ತೆ ಓಟ. ತುಮಕೂರಿನಲ್ಲಿ ಮೆಕ್ಯಾನಿಕ್ ಹೊಸ ಪ್ಲಗ್ ಹಾಕಿ, ಇನ್ನೇನೂ ತೊಂದರೆಯಿಲ್ಲ ಎಂದು ಕಳಿಸಿದ. ಗೂಳೂರು ದಾಟುತ್ತಲೇ ಮತ್ತೆ ನಿಂತಿತು. ನನ್ನವರು ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದರು.

"ಬುಡು, ಗುಜರಿಗೇ ಹೋಗ್ಲಿ."

ನನಗೆ ರೇಗಿತು. ಬಸ್ಸಿನಲ್ಲಿ ಹೋಗಿ ತವರಲ್ಲಿ ಇಳಿಯುವುದಕ್ಕೆ ಇಷ್ಟು ಮಸಿ ಮೆತ್ತಿಕೊಂಡೆನೇ? ನಾನೇ ಹೋಗಿ ಮುಚ್ಚಳ ತಿರುಗಿಸಿದೆ. ಟ್ಯಾಂಕು ಉಸ್ ಎಂದು ಗಾಳಿ ಒಳಗೆಳೆದುಕೊಂಡಿತು.

"ಇದು ಉಸಿರು ಕಟ್ಕೊಂಡಿದೆ ಕಣ್ರೀ."

ಮುಚ್ಚಳದಲ್ಲಿ ಗಾಳಿಯಾಡಲೆಂದೇ ಇದ್ದ ಸಣ್ಣ ತೂತು ವರ್ಷಗಳ ವಿಭೂತಿಯಡಿ ಗಾರೆ ಮೆತ್ತಿದಂತೆ ಮುಚ್ಚಿಹೋಗಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲು ಕೆಳಗಿಳಿಯುತ್ತಿರಲಿಲ್ಲ. ಇವರು ಇಣುಕಿದಾಗಲೆಲ್ಲ ಒಂದಿಷ್ಟು ಗಾಳಿ ಸಿಕ್ಕಿ ಮತ್ತೆ ಓಡುತ್ತಿತ್ತು. ಮನಸ್ಸಿನಲ್ಲೇ ಶಿವನಿಗೆ ಕೈಮುಗಿದು, ಜಡೆಯ ಪಿನ್ನು ಕಿತ್ತು ತೂತು ಬಿಡಿಸಿದೆ.

ಆಮೇಲೆ ಎಲ್ಲೂ ನಿಲ್ಲಲಿಲ್ಲ. ಕುಣಿಗಲ್ಲಿನಲ್ಲಿ ಕೆದರಿದ ತಲೆಯಲ್ಲೇ ತಂಗಿಯರ ಮುಂದೆ ಜಂಬದಿಂದ ಇಳಿದೆ. ಕಾಫಿ ಕುಡಿದವರೇ ಹೊರಟು, ಹೊತ್ತು ಮುಳುಗುವ ಮೊದಲೇ ಗುಬ್ಬಿಯ ಮನೆ ಮುಂದೆ ಹಾರ್ನ್ ಹೊಡೆದೆವು. ಭಾವ ರಾಗಿ ಮೂಟೆ ಸರಿಸಿ ಜಾಗ ಮಾಡಿದರು.

"ಏನಾಗಿತ್ಲಾ ಅದಕ್ಕೆ?" ಅತ್ತೆ ಮಗನನ್ನು ಕೇಳಿದರು.

ನನ್ನವರು ನೆಲ ನೋಡಿದರು. ನಾನು ನಗು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅತ್ತೆ ಮುಚ್ಚಳದ ಮೇಲೆ ಬೆರಳಾಡಿಸಿದರು.

"ಹಂಗಾರೆ ಇದರ ಉಸಿರು ಕಟ್ಸಿದ್ದು ನಾನೇ."

ನನ್ನ ನಗು ಅಲ್ಲಿಗೇ ನಿಂತಿತು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹತ್ತಲಾ, ಒಂದ್ ರೌಂಡ್ ಹೋಗ್ಬರಣ."

ಮಾವ ಹೋದ ಮೇಲೆ ಅವರು ಆ ಸೀಟು ಮುಟ್ಟಿರಲಿಲ್ಲ. ಈಗ ಮಗನ ಹಿಂದೆ ಒಂದು ಪಕ್ಕಕ್ಕೆ ಕೂತರು. ಕೆಳಗೆ ನೋಡದೆಯೇ ಅವರ ಕಾಲು ಫುಟ್‌ರೆಸ್ಟಿನ ಮೇಲೆ ಹೋಗಿ ನಿಂತಿತು. ಗಾಡಿ ಬೀದಿಯ ತಿರುವಿಗೆ ಹೋದಾಗ ಅತ್ತೆ ನಗುವುದು ಕೇಳಿಸಿತು. ಅವರ ನಗು ಹೇಗಿರುತ್ತದೆಂದು ನನಗೆ ಗೊತ್ತಾಗಿದ್ದು ಆವತ್ತೇ.