ಉಪ್ಪು ಕಡಿಮೆಯ ಸಾಸ್

ನಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳಿಗೆ ತಕ್ಕಡಿ ಅಕ್ಕ ಎಂದು ಹೆಸರಿಟ್ಟವಳು ನಾನೇ. ಇಪ್ಪತ್ತೆರಡು ವರ್ಷ ರೋಗಿಗಳ ತಟ್ಟೆಗೆ ಅನ್ನ ತೂಗಿ ಹಾಕಿದವಳು. ನಾನು ದೊಡ್ಡ ಪಾತ್ರೆಗಳ ಮುಂದೆ ನಿಲ್ಲುವ ಅಡುಗೆಯವಳು; ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹೆಚ್ಚಾದ ನಾಲ್ಕು ಅಗುಳನ್ನು ಅವಳು ಚಮಚದ ತುದಿಯಿಂದ ವಾಪಸ್ ತೆಗೆಯುವಾಗ, “ಅಕ್ಕಾ, ಅವಕ್ಕೆ ಹೆಸರೂ ಇಟ್ಬಿಡು,” ಎಂದು ರೇಗಿಸುತ್ತಿದ್ದೆ.

ತೂಗುವವರು ರುಚಿ ನೋಡಕೂಡದು ಎಂಬುದು ನಮ್ಮಲ್ಲಿ ನಿಯಮ. ಅದು ಅವಳಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಮನೆಯಲ್ಲೂ ಗಂಡನ ತಟ್ಟೆಯದನ್ನು ನಾಲಿಗೆಗೆ ಇಟ್ಟವಳಲ್ಲ.

ಗಂಡ ದರ್ಜಿ. ಎರಡು ವರ್ಷದ ಹಿಂದೆ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ನಮ್ಮಲ್ಲೇ ಡಯಾಲಿಸಿಸ್. ಪಥ್ಯದ ಮೇಡಂ ಗೋಡೆಗೆ ಅಂಟಿಸಿದ ಪಟ್ಟಿ ಅಕ್ಕನಿಗೆ ಬಾಯಿಪಾಠ. ನೂರು ಗ್ರಾಂ ಬಿಳಿ ಅನ್ನಕ್ಕೆ ಪೊಟ್ಯಾಷಿಯಂ ಮೂವತ್ತೈದು ಮಿಲಿಗ್ರಾಂ, ಸೋಡಿಯಂ ಒಂದೇ ಒಂದು. ಅಷ್ಟೇ ಟೊಮೆಟೊ ಸಾಸಿಗೆ ಪೊಟ್ಯಾಷಿಯಂ ಮುನ್ನೂರರ ಹತ್ತಿರ, ಸೋಡಿಯಂ ನಾನೂರೈವತ್ತರ ಮೇಲೆ. ಕೆಟ್ಟ ಕಿಡ್ನಿಗೆ ಇವೆರಡೂ ಆಗಿಬರುವುದಿಲ್ಲ. ಅನ್ನ ತಿಂದರೆ ಬದುಕು, ಅಷ್ಟೇ. ಆದರೆ ಆ ಮಹಾರಾಯನಿಗೆ ಬರೀ ಅನ್ನ ಗಂಟಲಲ್ಲಿ ಇಳಿಯದು. ಮೇಲೆ ಸಾಸ್ ಬೇಕು. ಅವಳು ತೂಗಿ ಕೊಡುತ್ತಿದ್ದುದು ಎರಡು ಚಮಚ. ಅದು ಮುಗಿದ ಕೂಡಲೇ ತಟ್ಟೆ ಸರಿಸಿಬಿಡುತ್ತಿದ್ದ. ತಾನೇ ಹೊಲಿದುಕೊಂಡ ಅಂಗಿ ಬೇರೆಯವರದ್ದೆಂಬಂತೆ ಜೋತಾಡುತ್ತಿತ್ತು.

“ಸಾಸ್ ಕೊಟ್ರೆ ರಕ್ತ ಕೆಡತ್ತೆ, ಕೊಡದಿದ್ರೆ ಮನುಷ್ಯನೇ ಕರಗ್ತಾರೆ. ನಾನೆಲ್ಲಿಗೆ ಹೋಗ್ಲಿ ಹೇಳೇ?” ಎಂದಳು ಒಂದು ದಿನ. ಎಲ್ಲಿಗೆ ಹೋಗುತ್ತಾಳೆ? ಇಲ್ಲಿ ತಕ್ಕಡಿ, ಮನೆಯಲ್ಲೂ ತಕ್ಕಡಿ.

ಮರುವಾರ ಕುಣಿಯುತ್ತಾ ಬಂದಳು. ಕೈಯಲ್ಲೊಂದು ಬಾಟಲಿ, ಮೇಲೆ ದಪ್ಪ ಅಕ್ಷರದಲ್ಲಿ ‘ಉಪ್ಪು ಕಡಿಮೆ’. ಗೋಡೆಯ ಪಟ್ಟಿಯ ಮುಂದೆ ನಿಂತು ಲೆಕ್ಕದಲ್ಲಿ ಸೋಡಿಯಂ ಅರ್ಧಕ್ಕಿಳಿಸಿದಳು, ಪೊಟ್ಯಾಷಿಯಂ ಪಟ್ಟಿಯಲ್ಲಿದ್ದಷ್ಟೇ ಹಿಡಿದಳು; ನಾಲ್ಕು ಚಮಚಕ್ಕೂ ಅದು ಮಿತಿಯೊಳಗೇ ಬಂತು. “ನಾಲ್ಕು ಚಮಚ ಕೊಡಬಹುದು ಕಣೇ!” ಎಂದು ನನ್ನ ಕೆನ್ನೆ ಹಿಂಡಿದಳು. ಹತ್ತು ದಿನ ಅವನು ತಟ್ಟೆ ಖಾಲಿ ಮಾಡಿದ.

ಹನ್ನೊಂದನೆಯ ದಿನ ಹೊಲಿಗೆ ಯಂತ್ರದ ಮುಂದೆಯೇ ಕುಸಿದ. ಕಾಲಲ್ಲಿ ಬಲವಿಲ್ಲ, ಎದೆಬಡಿತ ತಾಳ ತಪ್ಪಿದೆ. ನಮ್ಮ ವಾರ್ಡಿಗೇ ತಂದರು. ರಕ್ತದಲ್ಲಿ ಪೊಟ್ಯಾಷಿಯಂ ಏರಿತ್ತು. ಮೇಡಂ ಬಾಟಲಿ ತರಿಸಿ, ಹಿಂದೆ ತಿರುಗಿಸಿ, ಸಣ್ಣ ಅಕ್ಷರ ಓದಿದರು.

“ಉಪ್ಪು ಕಮ್ಮಿ ಮಾಡಿ ಆ ಜಾಗಕ್ಕೆ ಪೊಟ್ಯಾಷಿಯಂ ಕ್ಲೋರೈಡ್ ಹಾಕಿದ್ದಾರಮ್ಮ. ಇವರಿಗೆ ಇದು ವಿಷ.”

“ಪಟ್ಟೀಲಿ ಹಾಗಿರ್ಲಿಲ್ಲ ಮೇಡಂ,” ಎಂದಳು ಅಕ್ಕ. ಅದೊಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ಅಡುಗೆಮನೆಗೆ ಬರುವುದೆಲ್ಲ ಮುಚ್ಚಳ ತೆಗೆದು ಡಬ್ಬಿಗೆ ಸುರಿದದ್ದು. ಬಾಟಲಿಯ ಬೆನ್ನು ಓದುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆ?

ದೇವರ ದಯೆ, ಅವನು ಉಳಿದ. ಮೂರನೆಯ ದಿನ ಅವನ ಹೆಸರಿನ ಊಟದ ಚೀಟಿ ಅವಳ ಮುಂದೆಯೇ ಬಂತು. ನೂರೈವತ್ತು ಗ್ರಾಂ ಅನ್ನ, ಸಾಸ್ ಇಲ್ಲ. ತೂಗಿದಳು. ತಟ್ಟೆ ಹಿಡಿದು ನಾವಿಬ್ಬರೂ ಮೇಲಿನ ವಾರ್ಡಿಗೆ ಹೋದೆವು.

“ನಿಮ್ಮನ್ನ ನಾನೇ ಕೊಂದ್ಬಿಡ್ತಿದ್ದೆ,” ಎಂದು ಅತ್ತಳು.

“ಅಳಬೇಡ ಕಣೇ. ಆ ಸಾಸ್ ಅದೇನು ಕಹಿ ಇತ್ತು ಅಂತೀಯ! ಮೊದಲ್ನೇ ತುತ್ತಿಗೇ ಉಗಿಯೋಣ ಅನ್ನಿಸ್ತು.”

“ಮತ್ಯಾಕೆ ತಿಂದ್ರಿ?”

“ನಾನು ತಿನ್ನೋದು ನೋಡಿ ನೀನು ನಗ್ತಿದ್ದೆ. ಎರಡು ವರ್ಷ ಆಗಿತ್ತು, ನೀನು ನಕ್ಕು.”

ಅವಳು ತಟ್ಟೆಯನ್ನು ಅವನ ಕೈಗೆ ಕೊಟ್ಟಳು. ಕೆಳಗೆ ಬಂದು, ಮೇಡಂ ಮೇಜಿನ ಮೇಲಿದ್ದ ಆ ಬಾಟಲಿ ತೆಗೆದು, ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು.

“ಹೌದು ಕಣೇ, ಕಹಿ,” ಎಂದಳು. ಆಮೇಲೆ ಕೈ ತೊಳೆದು, ತಕ್ಕಡಿಯನ್ನು ಸೊನ್ನೆಗೆ ತಂದು, ಮುಂದಿನ ತಟ್ಟೆ ಎಳೆದುಕೊಂಡಳು.