ಕುರ್ಚಿಯಲ್ಲಿ ಅತ್ತೆ, ಕಿಟಕಿಯಲ್ಲಿ ಕೆರೆ

ಆ ಚಿತ್ರವನ್ನು ನೀವೂ ನೋಡಿರುತ್ತೀರಿ. ಹಲ್ಲಿನ ಡಾಕ್ಟರ ಹತ್ತಿರ ಸರದಿ ಕಾಯುವಾಗ ತಲೆಯ ಮೇಲೆ ತೂಗುತ್ತಿರುತ್ತದೆ, ಇಲ್ಲವೇ ಲಾಡ್ಜಿನ ಕಾರಿಡಾರಿನಲ್ಲಿ ಸ್ವಿಚ್ ಬೋರ್ಡಿನ ಪಕ್ಕ. ಕಿಟಕಿಯ ಬಳಿ ಒಂದು ಕುರ್ಚಿ, ಅದರಲ್ಲಿ ನಮಗೆ ಬೆನ್ನು ಮಾಡಿ ಕೂತ ಹೆಂಗಸು, ಹೆಗಲ ಮೇಲೆ ಬೂದು ಶಾಲು, ಕಿಟಕಿಯ ಕಟ್ಟೆಯ ಮೇಲೆ ಕಾಫಿ ಲೋಟ, ಆಚೆಗೆ ಮಂಜು ಹೊದ್ದ ಕೆರೆ, ಕೆರೆಯಾಚೆ ಗುಡ್ಡ. ಕೆಳಗೆ ಹಿತ್ತಾಳೆ ತಗಡಿನ ಮೇಲೆ 'ಮುಂಜಾವಿನ ಮೌನ' ಎಂದಿರುತ್ತದೆ. ಆ ತಗಡಿಗೆ ಮೊಳೆ ಹೊಡೆಯುವವನು ನಾನು. ಬಹಳ ಸಲ ಸೊಟ್ಟಗೆ ಕೂರುತ್ತದೆ. ಕಲೆಗೆ ನನ್ನ ಕೊಡುಗೆ ಅಷ್ಟೇ.

ಆ ಹೆಂಗಸು ನನ್ನ ಸೋದರತ್ತೆ. ಬಿಡಿಸುವವರು ಅವಳ ಗಂಡ, ನನ್ನ ಮಾವ. ಕೆರೆ ಸುಳ್ಳು, ಗುಡ್ಡವೂ ಸುಳ್ಳು. ಅವರ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ಬಚ್ಚಲಿನ ಗೋಡೆ. ಕೈ ಚಾಚಿದರೆ ಪಾಚಿ ಸಿಗುತ್ತದೆ.

ನಾನು ಅವರ ಮನೆಯ ಮುಂಗೋಣೆಯಲ್ಲಿ, ಅತ್ತೆಯ ಹೊಲಿಗೆ ಮೆಷಿನ್ನಿಗೂ ಗೋಡೆಗೂ ನಡುವೆ ಉಳಿದ ಜಾಗದಲ್ಲಿ ಮಲಗುತ್ತೇನೆ. ಹಗಲು ಹೊತ್ತು ಚಿತ್ರಗಳನ್ನು ಮಾರುವ ಅಂಗಡಿಯಲ್ಲಿ ಫ್ರೇಮು ಕಟ್ಟುತ್ತೇನೆ. ಮರದ ಪಟ್ಟಿಯನ್ನು ಓರೆಯಾಗಿ ಕತ್ತರಿಸಿ, ನಾಲ್ಕು ಮೂಲೆ ಕೂಡಿಸಿ, ಗಾಜು ಒರೆಸಿ ಕೂರಿಸುವುದು. "ಓದು ತಲೆಗೆ ಹತ್ತಲಿಲ್ಲ, ವ್ಯಾಪಾರ ಕೈಗೆ ಹತ್ತಲಿಲ್ಲ, ಕೊನೆಗೆ ಅಂಟಾದ್ರೂ ಹತ್ತಿತಲ್ಲ" ಎಂದು ಅತ್ತೆ ನನ್ನನ್ನು ಬಂದವರಿಗೆಲ್ಲ ಪರಿಚಯಿಸುತ್ತಾಳೆ. ಸುಳ್ಳು ಎಂದು ವಾದಿಸಲು ನನ್ನ ಬಳಿ ಪುರಾವೆ ಇಲ್ಲ.

ಅತ್ತೆಯದು ಹೊಲಿಗೆ. ಯೂನಿಫಾರಂ, ಸಡಿಲಿಸುವುದು, ಬಿಗಿ ಮಾಡುವುದು, ಜಿಪ್ ಬದಲಿಸುವುದು. ಆದರೆ ಅವಳ ನಿಜವಾದ ಕೈ ಇರುವುದು ಕತ್ತರಿಯಲ್ಲಿ. ಬಟ್ಟೆಯನ್ನು ಹಾಸಿ, ಗೀಟು ಹಾಕಿ, ಕೆಂಪು ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿ ಕತ್ತರಿ ಹಿಡಿದಳೆಂದರೆ ಬಟ್ಟೆ ತಾನಾಗಿ ದಾರಿ ಬಿಡುತ್ತದೆ. ಮದುವೆಯಾದ ಹೊಸದರಲ್ಲೇ, ಪೇಟೆಯಾಚೆಯ ದೊಡ್ಡ ಹೊಲಿಗೆ ವರ್ಕ್‌ಶಾಪಿನವರು ಅವಳನ್ನು ಕಟಿಂಗ್ ಟೇಬಲ್ಲಿಗೆ ಕರೆದಿದ್ದರು. ಹೋಗುವುದೋ ಬಿಡುವುದೋ ಎಂದು ಅವಳು ಬೆಳಗಿನ ಕಾಫಿ ಹಿಡಿದು ಕಿಟಕಿಯ ಬಳಿ ಕೂತು ಯೋಚಿಸಿದಳು. ಹೋಗುವುದೇ ಸರಿ ಎನ್ನಿಸಿತು. ಏಳಬೇಕು ಎನ್ನುವಷ್ಟರಲ್ಲಿ ಹಿಂದಿನಿಂದ ಮಾವನ ದನಿ ಬಂತು.

"ಅಲ್ಲಾಡಬೇಡ. ಹಾಗೇ ಇರು."

ಹೊಸ ಮದುವೆ, ಹೊಸ ಗಂಡ. ಅಲ್ಲಾಡಲಿಲ್ಲ. ಮರುದಿನವೂ ಅಲ್ಲಾಡಲಿಲ್ಲ. ಚಿತ್ರ ಮುಗಿಯುವ ಹೊತ್ತಿಗೆ ಟೇಬಲ್ಲಿಗೆ ಬೇರೆ ಯಾರೋ ಬಂದಾಗಿತ್ತು.

ಅಲ್ಲಿಯವರೆಗೆ ಮಾವ ಅಂಗಡಿ ಬೋರ್ಡುಗಳನ್ನೂ, 'ಇಲ್ಲಿ ಕಸ ಹಾಕಬೇಡಿ' ಎಂಬ ಗೋಡೆಬರಹಗಳನ್ನೂ ಬರೆದವರು. ಅವರ ಕೈಯಿಂದ ಮಾರಾಟವಾದ ಮೊದಲ ಚಿತ್ರವೇ ಅದು. ಜನ ಮತ್ತೊಂದು ಕೇಳಿದರು, ಮಗದೊಂದು ಕೇಳಿದರು. ನಡುವೆ ಮಾವ ಬೇರೆಯವನ್ನೂ ಬಿಡಿಸಿ ನೋಡಿದರು. ಬಸ್ಸಿನ ಕೆಳಗೆ ಮಲಗಿದ ನಾಯಿ, ಕೊಡೆ ರಿಪೇರಿ ಮಾಡುವ ಮುದುಕ. ನನ್ನ ಅಂಗಡಿಯ ಯಜಮಾನರು ಅವುಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. "ನಾಯಿ ಬೀದೀಲೇ ಪುಕ್ಕಟೆ ಸಿಗುತ್ತೆ ಆರ್ಟಿಸ್ಟರೇ. ಜನಕ್ಕೆ ಬೇಕಾಗಿರೋದು ಶಾಂತಿ."

ಹಾಗಾಗಿ ಶಾಂತಿ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಅತ್ತೆ ಗೊಣಗಿದರೂ ಕೇಳುವವರಿಲ್ಲ.

ಮಾವನದೊಂದು ಪದ್ಧತಿ ಇದೆ. ಕೆರೆ, ಗುಡ್ಡ, ಮಂಜು ಎಲ್ಲವನ್ನೂ ಹಿಂದಿನ ಮಧ್ಯಾಹ್ನವೇ ಆಕಳಿಸುತ್ತ ಮುಗಿಸಿಡುತ್ತಾರೆ. ಹೆಂಗಸನ್ನು ಮಾತ್ರ ಬೆಳಗಿನ ಜಾವ, ಅತ್ತೆ ಎದುರಿಗೆ ಕೂತಾಗಲೇ ಬಿಡಿಸಬೇಕು. "ಎದುರಿಗೆ ಆಳಿಲ್ಲದೆ ಬರೆದರೆ ಕೈ ಸುಳ್ಳು ಹೇಳುತ್ತೆ" ಎನ್ನುತ್ತಾರೆ. ಸುಳ್ಳು ಕೆರೆಯ ಬಗ್ಗೆ ಆ ಕೈಗೆ ಯಾವ ಬೇಸರವೂ ಇದ್ದಂತಿಲ್ಲ. ಎರಡು ಮನೆಗಳ ನಡುವಿನ ಆ ಸಂದಿಗೆ ಬೆಳಕು ಇಳಿಯುವುದೇ ಸ್ವಲ್ಪ ಹೊತ್ತು. ಅಷ್ಟರಲ್ಲಿ ಅತ್ತೆ ಶಾಲು ಹೊದ್ದು, ಪೆನ್ಸಿಲ್ ತೆಗೆದಿಟ್ಟು ಕೂತಿರಬೇಕು. ಧ್ಯಾನಿಸುವ ಹೆಂಗಸಿನ ತುರುಬಿನಲ್ಲಿ ಪೆನ್ಸಿಲ್ ಇರುವುದಿಲ್ಲವಂತೆ. ಲೋಟದ ಕಾಫಿಯನ್ನೂ ಮುಟ್ಟುವಂತಿಲ್ಲ, ಚಿತ್ರದಲ್ಲಿ ಅದು ತುಂಬಿರುತ್ತದೆ. ಎಲ್ಲ ಮುಗಿದ ಮೇಲೆ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಮುಖ ಹುಳ್ಳಗೆ ಮಾಡಿ ಮೆಷಿನ್ನಿಗೆ ಹೋಗುತ್ತಾಳೆ.

ನಾನು ಮಲಗಿದಲ್ಲಿಂದಲೇ ಅವರ ಮಾತು ಕೇಳಿಸುತ್ತದೆ.

"ಏನೇ ಯೋಚನೆ ಮಾಡ್ತಿದ್ದೀಯ?"

"ಗೋಡೆ ಬಗ್ಗೆ."

"ಗೋಡೆ ಬಗ್ಗೆ ಏನು?"

"ಸುಣ್ಣ ಬಳಿಸಬೇಕು ಅವರು."

"ಮಾತಾಡಬೇಡ. ಕುತ್ತಿಗೆ ಅಲ್ಲಾಡುತ್ತೆ."

ಒಮ್ಮೆ ಅಂಗಡಿಯಲ್ಲಿ ಒಬ್ಬ ಗಿರಾಕಿ ಆ ಚಿತ್ರದ ಮುಂದೆ ನಿಂತು, "ಎಷ್ಟು ನೆಮ್ಮದಿಯ ಜೀವ ನೋಡಿ" ಎಂದು ಕಣ್ಣು ಒರೆಸಿಕೊಂಡರು. ಸಂಜೆ ಅತ್ತೆಗೆ ವರದಿ ಒಪ್ಪಿಸಿದೆ. "ಅವರ ಕಣ್ಣಿಗೆ ಧೂಳು ಬಿದ್ದಿರುತ್ತೆ. ನೀನು ಗಾಜು ಸರಿಯಾಗಿ ಒರೆಸಲ್ಲ" ಎಂದಳು.

ಕಳೆದ ಚಳಿಗಾಲದಲ್ಲಿ ಅದೇ ವರ್ಕ್‌ಶಾಪಿನ ಮೇಲ್ವಿಚಾರಕಿ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದರು. ಅತ್ತೆ ಅಳತೆಪಟ್ಟಿ ಬಿಚ್ಚದೆ, ಕಣ್ಣಲ್ಲೇ ನೋಡಿ ಗೀಟು ಎಳೆದಳು. ಮೇಲ್ವಿಚಾರಕಿ ತೋಳನ್ನು ಮಡಿಸಿ ನೋಡಿದರು, ಆಮೇಲೆ ಅತ್ತೆಯ ಮುಖ ನೋಡಿದರು.

"ನಮ್ಮ ಕಟಿಂಗ್‌ನವರು ಕೆಲಸ ಬಿಡ್ತಿದಾರೆ. ನಾಳೆ ಬೆಳಗಿನ ಪಾಳಿಗೆ ಬಂದು ಒಂದು ಥಾನು ಬಟ್ಟೆ ಕತ್ತರಿಸಿ ತೋರಿಸಿ. ಹಿಂದೆ ಒಂದ್ಸಲ ಕರೆದಿದ್ವಂತೆ ನಿಮ್ಮನ್ನ, ಬರಲಿಲ್ಲವಂತೆ. ಈ ಸಲನೂ ಬರದಿದ್ರೆ ಇನ್ನು ಕೇಳೋದಿಲ್ಲಮ್ಮ."

ಆ ರಾತ್ರಿ ಊಟಕ್ಕೆ ಬಡಿಸುತ್ತ ಅತ್ತೆ ವಿಷಯ ತೆಗೆದಳು. ಮಾವನ ತಲೆಯಲ್ಲಿ ಆಸ್ಪತ್ರೆಯೊಂದರ ವಾರ್ಡುಗಳಿಗೆ ಕೊಡಬೇಕಾದ ಚಿತ್ರಗಳಿದ್ದವು.

"ಆಸ್ಪತ್ರೆ ಆರ್ಡರ್ ಮುಗೀಲಿ. ಆಮೇಲೆ ನೋಡೋಣ."

"ಆಮೇಲೆ ಅಂದ್ರೆ ಯಾವಾಗ್ರೀ?"

"ಆಮೇಲೆ ಅಂದ್ರೆ ಆಮೇಲೆ ಕಣೇ."

ಅತ್ತೆ ಮತ್ತೆ ಕೇಳಲಿಲ್ಲ. ಅವರು ಮಲಗಿದ ಮೇಲೆ ಬಂದು ನನ್ನ ಹೊದಿಕೆ ಎಳೆದಳು.

"ನಾಳೆ ನೀನು ಕೂತ್ಕೋ."

"ನಾನಾ?"

"ಅವರಿಗೆ ಬೇಕಿರೋದು ಬೆನ್ನು. ದೇವರು ನಿನಗೂ ಒಂದು ಕೊಟ್ಟಿದಾನೆ. ಇವತ್ತಿನವರೆಗೆ ಅದರಿಂದ ಏನೂ ಕೆಲಸ ತಗೊಂಡಿಲ್ಲ ನೀನು."

"ತುರುಬಿಗೆ ಏನ್ಮಾಡ್ಲಿ ಅತ್ತೆ?"

"ಶಾಲು ತಲೆ ಮೇಲೆ ಹೊದ್ಕೋ. ಚಳಿ ಅಂದ್ಕೋತಾರೆ."

"ಗೊತ್ತಾಗಲ್ವಾ?"

"ಅವರು ನೋಡೋದು ಬೆಳಕನ್ನ ಕಣೋ. ನನ್ನನ್ನ ನೋಡಿ ಯಾವ ಕಾಲ ಆಯ್ತೋ."

ನಸುಕಿನಲ್ಲಿ ಅವಳು ಕತ್ತರಿಯನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಹಿತ್ತಿಲ ಬಾಗಿಲಲ್ಲಿ ನಿಂತು, ಕೆಂಪು ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿ, ಹಿಂದೆ ನೋಡದೆ ಹೋದಳು. ನಾನು ಶಾಲಿನೊಳಗೆ ಸೇರಿ ಕುರ್ಚಿಯಲ್ಲಿ ಕೂತೆ.

ಮಾವ ಬಂದರು. ಬಣ್ಣದ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು.

"ಅಲ್ಲಾಡಬೇಡ."

ಆ ಮಾತಿಗೆ ಇಷ್ಟು ತೂಕವಿದೆ ಎಂದು ಹಾಸಿಗೆಯಲ್ಲಿ ಮಲಗಿ ಕೇಳಿದಾಗ ತಿಳಿದಿರಲಿಲ್ಲ. ಅಂದ ಕೂಡಲೇ ಮೂಗು ತುರಿಸಿತು, ಆಮೇಲೆ ಮೂಗಿನ ಇನ್ನೊಂದು ಬದಿ. ಮುಂದೆ ಗೋಡೆ. ಮೇಲಿನಿಂದ ಇಳಿದ ಪೈಪು, ಪೈಪಿನ ಕೀಲಿನಲ್ಲಿ ತುಕ್ಕು, ತುಕ್ಕಿನ ಕೆಳಗೆ ಉದ್ದಕ್ಕೆ ಇಳಿದ ಕಲೆ, ಕಲೆಯ ಪಕ್ಕ ಒಂದು ಬಿರುಕು. ಬಿರುಕಿನೊಳಗೆ ಇರುವೆಗಳು ಕೆಲಸಕ್ಕೆ ಹೊರಟಿದ್ದವು. ಅವುಗಳಿಗೆ ಅಲ್ಲಾಡಲು ಅಡ್ಡಿಯಿರಲಿಲ್ಲ. ಪಕ್ಕದ ಮನೆಯವರು ಬಚ್ಚಲಲ್ಲಿ ಗಂಟಲು ಸರಿಮಾಡಿಕೊಂಡರು. ಕಟ್ಟೆಯ ಮೇಲೆ ಕಾಫಿಯ ಹಬೆ ತೆಳುವಾಗಿ, ಇನ್ನೂ ತೆಳುವಾಗಿ, ಇಲ್ಲವಾಯಿತು. ಅದನ್ನು ನೋಡುತ್ತ ಕೂರುವುದು ಕುಡಿಯದೆ ಇರುವುದಕ್ಕಿಂತ ಕಷ್ಟ.

"ಇವತ್ತು ಏನು ಯೋಚನೆ?" ಮಾವ ಕೇಳಿದರು.

ಸಣ್ಣ ದನಿಯಲ್ಲಿ ಕೆಮ್ಮಿದೆ. ಹೆಣ್ಣು ಕೆಮ್ಮು ಎಂದುಕೊಂಡು ಕೆಮ್ಮಿದ್ದು ಮೇಕೆ ಕೆಮ್ಮಿದಂತಾಯಿತು. ಅವರು "ಹ್ಞೂಂ" ಎಂದು ಬರೆಯತೊಡಗಿದರು.

ಮುಂಜಾವಿನ ಚಿಂತನೆ ಏನೆಂದು ಅಂದು ನನಗೆ ತಿಳಿಯಿತು. ಯಾವಾಗ ಏಳುವುದು ಎಂಬ ಒಂದೇ ಚಿಂತನೆ. ಅದೂ ಮೌನವಾಗಿ.

ಬೇಗ ಒಣಗುವ ಬಣ್ಣ ಅವರದು. ಮಧ್ಯಾಹ್ನದ ಹೊತ್ತಿಗೆ ಚಿತ್ರ ಅಂಗಡಿಗೆ ಬಂತು. ನಾನು ಬೆನ್ನಿಗಾಗಿ ಹುಡುಕಿದೆ. ನನ್ನ ಬೆನ್ನು ಅಲ್ಲಿರಲಿಲ್ಲ. ಶಾಲು ತಲೆಯ ಮೇಲಿರಲಿಲ್ಲ, ಯಾವತ್ತಿನಂತೆ ಹೆಗಲ ಮೇಲಿತ್ತು. ತುರುಬು ಎಡಕ್ಕೆ ವಾಲಿತ್ತು, ಅತ್ತೆಯದು ವಾಲುವಷ್ಟೇ. ತುರುಬಿನಲ್ಲಿ ಕೆಂಪು ಪೆನ್ಸಿಲ್ ಇತ್ತು.

ಅವಳು ಪೆನ್ಸಿಲ್ ಸಿಕ್ಕಿಸಿಕೊಂಡಿದ್ದು ಹಿತ್ತಿಲ ಬಾಗಿಲಲ್ಲಿ. ನೋಡಿದವನು ನಾನೊಬ್ಬನೇ ಎಂದುಕೊಂಡಿದ್ದೆ.

"ಇದೇನೋ ಕಡ್ಡಿ?" ಯಜಮಾನರು ಹಿಂದಿನಿಂದ ಬಗ್ಗಿದರು.

"ಕೂದಲಿಗೆ ಹಾಕೋ ಪಿನ್ನು ಸಾರ್. ಈಗ ಫ್ಯಾಶನ್ನು."

"ಹೌದಾ? ನಮ್ಮ ಮನೆಯವರು ಹೇಳ್ಲೇ ಇಲ್ಲ" ಎಂದು ಹೋದರು. ನಾನು ಮೂಲೆಯ ಅಂಟು ಬಿಟ್ಟಿದೆ ಎಂದು ನೆಪ ಹೇಳಿ ಚಿತ್ರವನ್ನು ಮನೆಗೆ ಹೊತ್ತುಕೊಂಡು ಬಂದೆ. ನನ್ನ ಮೂಲೆಗಳ ಖ್ಯಾತಿ ಎಂಥದೆಂದರೆ ಯಾರೂ ಅನುಮಾನಿಸಲಿಲ್ಲ.

ಅತ್ತೆ ಆಗಷ್ಟೇ ಬಂದು ಕತ್ತರಿಯನ್ನು ಟವೆಲ್ಲಿನಿಂದ ಬಿಡಿಸುತ್ತಿದ್ದಳು. "ಸೋಮವಾರದಿಂದ ಬಾ ಅಂದ್ರು" ಎಂದು ಮೆಲ್ಲಗೆ ಹೇಳಿ, ಹಿತ್ತಿಲ ಕಡೆ ಕಣ್ಣು ಮಾಡಿದಳು. ಮಾವ ಅಲ್ಲಿ ಕುಂಚ ತೊಳೆಯುತ್ತಿದ್ದರು. ನಾನು ಚಿತ್ರವನ್ನು ಮೆಷಿನ್ನಿಗೆ ಒರಗಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಪೆನ್ಸಿಲ್ ಮುಟ್ಟಿದಳು. ಆಮೇಲೆ ಚಿತ್ರವನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದಳು. ನಾನೂ ಹಿಂದೆ ಹೋದೆ.

"ರೀ, ನಾನು ಹೋಗೋದು ನೋಡಿದ್ರಾ?"

"ಬಾಗಿಲು ಕಿರ್ ಅಂತು."

"ಕುರ್ಚೀಲಿ ಇವನು ಕೂತಿದ್ದೂ ಗೊತ್ತಾ?"

"ಶಾಲಲ್ಲಿ ಇವನ ಕಿವಿ ಎಲ್ಲಿ ಮುಚ್ಚುತ್ತೆ?"

"ಹಾಗಾದ್ರೆ ನಾನು ಎದುರಿಗೆ ಇಲ್ದೇನೂ ಬರೀತೀರಿ."

ಮಾವ ಕುಂಚವನ್ನು ಹಿಂಡಿದರು. ಬೂದು ನೀರು ಇಳಿಯಿತು. "ಬರೀತೀನಿ."

"ಯಾವತ್ತಿಂದ?"

"ಮೊದಲನೇದು ಬಿಟ್ರೆ ಎಲ್ಲಾನೂ ಬರೀಬಹುದಿತ್ತು."

ಅತ್ತೆ ಕೂಗಲಿಲ್ಲ. ಕೂಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಮತ್ತೆ ಯಾಕ್ರೀ ಕೂರಿಸಿದ್ರಿ?" ಎಂದಳು, ಕೆಡಿಸಿಟ್ಟ ಬಟ್ಟೆಯ ಬಗ್ಗೆ ವಿಚಾರಿಸುವ ದನಿಯಲ್ಲಿ.

"ಅವತ್ತು ಬೆಳಿಗ್ಗೆ ನಿನ್ನ ಬೆನ್ನು ಈಗ ಎದ್ದು ಹೋಗೋ ಥರ ಇತ್ತು ಕಣೇ. ನಂಗೆ ಹೆದರಿಕೆ ಆಯ್ತು. ಅಲ್ಲಾಡಬೇಡ ಅಂದೆ. ಏಳೋಕೆ ಹೊರಟ ಬೆನ್ನನ್ನೇ ಬರೆದೆ. ಜನ ಅದಕ್ಕೆ ಶಾಂತಿ ಅಂದ್ರು. ನಾನೇನು ಮಾಡ್ಲಿ?"

ನಲ್ಲಿ ತೊಟ್ಟಿಕ್ಕುತ್ತಿತ್ತು. ಅತ್ತೆ ಬಗ್ಗಿ ಅದನ್ನು ಬಿಗಿ ಮಾಡಿದಳು.

"ಸೋಮವಾರದಿಂದ ನನ್ನದು ಬೆಳಗಿನ ಪಾಳಿ," ಎಂದಳು. "ಕಾಫಿ ಬಿಸಿ ಇರೋವಾಗಲೇ ಕುಡಿದು ಹೋಗ್ತೀನಿ."

"ನೀನಿಲ್ದೆ ಆ ಖಾಲಿ ಕುರ್ಚಿ ನೋಡೋಕೆ ಆಗಲ್ಲ ಕಣೇ ನನಗೆ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಬಾಗಿಲ ಕಡೆ ನೋಡಿದೆ. ಅದು ಕಿರ್ ಎನ್ನುವ ಬಾಗಿಲು.

ಈಗ ಬೆಳಗಿನ ಜಾವ ಅತ್ತೆ ಒಲೆಯ ಪಕ್ಕ ನಿಂತೇ ಕಾಫಿ ಊದಿ ಊದಿ ಕುಡಿಯುತ್ತಾಳೆ. ಮೊದಲ ವಾರ ನಾಲಿಗೆ ಸುಟ್ಟುಕೊಂಡಳು. ಅಭ್ಯಾಸ ತಪ್ಪಿತ್ತು. ವರ್ಕ್‌ಶಾಪಿನಲ್ಲಿ ಕಿಟಕಿಯಿಂದ ಏನು ಕಾಣುತ್ತದೆ ಎಂದು ಒಮ್ಮೆ ಕೇಳಿದೆ.

"ಕಿಟಕೀನೇ ಇಲ್ಲ ಕಣೋ. ಬರೀ ಟ್ಯೂಬ್‌ಲೈಟು. ದಿನವಿಡೀ ನಿಂತು ಕಾಲು ಬಾತುಕೊಳ್ಳುತ್ತೆ."

"ಮತ್ತೇನು ಸುಖ ಅತ್ತೆ?"

"ಅಲ್ಲಾಡಬಹುದು," ಎಂದು ಶಾಲನ್ನು ನನ್ನ ತಲೆಯ ಮೇಲೆ ಎಸೆದು, ಪೆನ್ಸಿಲ್ ಸಿಕ್ಕಿಸಿಕೊಂಡು ಹೊರಟಳು. ಮಾವ ಕುಂಚ ಎತ್ತಿದವರು, ಬಾಗಿಲು ಸದ್ದು ಮಾಡುವವರೆಗೆ ಹಾಗೇ ನಿಂತಿದ್ದರು.

ಗೋಡೆಗೆ ಇನ್ನೂ ಸುಣ್ಣ ಬಳಿಸಿಲ್ಲ. ಬಿರುಕು ಪೈಪಿನ ಹತ್ತಿರಕ್ಕೆ ಬಂದಿದೆ. ನೀವು ಎಲ್ಲಾದರೂ ಸರದಿ ಕಾಯುತ್ತ ಆ ಚಿತ್ರ ನೋಡಿದರೆ, ತುರುಬಿನಲ್ಲಿ ಕೆಂಪು ಪೆನ್ಸಿಲ್ ಇದೆಯೇ ಎಂದು ಗಮನಿಸಿ. ಇದ್ದರೆ ಕುರ್ಚಿ ಖಾಲಿಯಿದೆ ಎಂದೇ ತಿಳಿಯಿರಿ. ಖಾಲಿ ಎಂದರೆ, ನಾನು ಕೂತಿದ್ದೇನೆ.