ಗಾಜಿನೊಳಗಿನ ಮುಖ

ಚನ್ನಪಟ್ಟಣದ ನಮ್ಮ ಬೀದಿಯ ಫೋಟೋದಣ್ಣ ಕ್ಯಾಮೆರಾ ಎತ್ತಿದರೆ ಮೊದಲ ಮಾತು, "ಒಸಿ ತಡೀರಿ." ಮದುವೆಮನೆಗಳಲ್ಲಿ ಜನ ರೇಗಿಸುತ್ತಿದ್ದರು: "ನೀನ್ ತೆಗಿಯೋದ್ರೊಳ್ಗೆ ಹೆಣ್ಗೆ ಮಗು ಆಯ್ತದೆ ಕಣಣ್ಣ!"

ಗಾರ್ಮೆಂಟ್ಸ್ ವ್ಯಾನು ಮಗುಚಿ ನನ್ನ ತಂಗಿ ತೀರಿಕೊಂಡಾಗ, ಗೋಡೆಗೆ ಹಾಕುವಂಥ ಅವಳ ಫೋಟೋ ಒಂದೂ ಇರಲಿಲ್ಲ. "ಮಣ್ಣಿಗೆ ಮುಂಚೆ ಮುಖ ಒಂದು ಉಳಿಸ್ಕೊಡಪ್ಪ," ಎಂದು ಅವ್ವ ಅವನನ್ನು ಕರೆಸಿದಳು. ಅವಳನ್ನು ಮಲಗಿಸಿದ್ದ ಫ್ರೀಜರ್ ಪೆಟ್ಟಿಗೆಯ ಗಾಜಿನ ಮೇಲೆ ಹನಿ ಕಟ್ಟಿತ್ತು. ಒರೆಸಿದರೂ ಮತ್ತೆ ಕಟ್ಟುತ್ತಿತ್ತು. ಅವನ ಹೊಸ ಮಿರರ್‌ಲೆಸ್ ಕ್ಯಾಮೆರಾದ ಆಟೋಫೋಕಸ್ ಆ ಹನಿಗಳನ್ನೇ ಹಿಡಿಯುತ್ತಿತ್ತು, ಮುಖ ಮಸುಕಾಗುತ್ತಿತ್ತು. ಅವನು ಮ್ಯಾನುಯಲ್‌ಗೆ ಬದಲಿಸಿ, ಮಂಡಿಯೂರಿ, ಲೆನ್ಸಿನ ಉಂಗುರವನ್ನು ಬೆರಳಲ್ಲೇ ನಿಧಾನವಾಗಿ ತಿರುಗಿಸಿದ. ಅವಳ ರೆಪ್ಪೆಗಳು ಸ್ಪಷ್ಟವಾದವು.

"ಆಯ್ತು ಕಣವ್ವ, ಚೆನ್ನಾಗ್ ಬಂದಿದ್ದೀಯ," ಎಂದ, ಗಾಜಿನೊಳಗಿದ್ದ ಅವಳಿಗೇ.

ಬೆಳಗಿನಿಂದ ನಾವೆಲ್ಲ ಅವಳನ್ನು 'ಬಾಡಿ' ಎನ್ನುತ್ತಿದ್ದೆವು.